ನದಿ ಕಾಣದವರು ಬರೆದ ಗಡಿ: ಕ್ಯಾಪ್ರಿವಿ ಪಟ್ಟಿಯ ಹಿನ್ನೆಲೆ

ನಮೀಬಿಯಾದ ನಕ್ಷೆಯಲ್ಲಿ ಈಶಾನ್ಯ ಮೂಲೆಯಿಂದ ಪೂರ್ವಕ್ಕೆ ಬೆರಳಿನಂತೆ ಚಾಚಿಕೊಂಡ ಒಂದು ಪಟ್ಟಿ ಇದೆ. ಉದ್ದ ಸುಮಾರು 450 ಕಿ.ಮೀ., ತೀರ ಕಿರಿದಾದ ಕಡೆ ಅಗಲ 32 ಕಿ.ಮೀ. ಮೇಲೆ ಅಂಗೋಲಾ ಮತ್ತು ಜಾಂಬಿಯಾ, ಕೆಳಗೆ ಬೋಟ್ಸ್ವಾನಾ. ನಮೀಬಿಯಾದ ಬಹುಭಾಗ ಒಣಭೂಮಿ. ಇಲ್ಲಿ ಮಾತ್ರ ನದಿಗಳು, ಜೌಗು, ಪ್ರತಿ ವರ್ಷದ ನೆರೆ. ಇದು ಈ ದೇಶಕ್ಕೆ ಹೇಗೆ ಅಂಟಿಕೊಂಡಿತು ಎಂದು ಕೇಳಿದರೆ, ಉತ್ತರ ಆಫ್ರಿಕಾದಲ್ಲಿ ಸಿಗುವುದಿಲ್ಲ, ಬರ್ಲಿನ್‌ನಲ್ಲಿ ಸಿಗುತ್ತದೆ.

1884-85ರ ಬರ್ಲಿನ್ ಸಮ್ಮೇಳನದಲ್ಲಿ ಯುರೋಪಿನವರು ಮೇಜಿನ ಸುತ್ತ ಕೂತು ಇಡೀ ಆಫ್ರಿಕಾವನ್ನು ಹರಿದು ಹಂಚಿಕೊಂಡರು ಎಂಬುದು ಎಲ್ಲರಿಗೂ ಗೊತ್ತಿರುವ ಕಥೆ. ಅದು ಪೂರ್ತಿ ಸರಿಯಲ್ಲ. ಅಲ್ಲಿ ಆಗಿದ್ದು ಮುಖ್ಯವಾಗಿ ಆಟದ ನಿಯಮಗಳ ತೀರ್ಮಾನ: ಕಾಂಗೊ, ನೈಜರ್ ನದಿಗಳಲ್ಲಿ ಯಾರು ವ್ಯಾಪಾರ ಮಾಡಬಹುದು, ಹೊಸದಾಗಿ ಕರಾವಳಿ ಹಿಡಿದವರು ಉಳಿದವರಿಗೆ ಹೇಗೆ ತಿಳಿಸಬೇಕು ಇತ್ಯಾದಿ. ಕುಳಿತ 14 ದೇಶಗಳಲ್ಲಿ ಆಫ್ರಿಕಾದವರು ಒಬ್ಬರೂ ಇರಲಿಲ್ಲ, ಅದು ನಿಜ. ಆದರೆ ಹೆಚ್ಚಿನ ಗಡಿಗಳು ಮೂಡಿದ್ದು ಆಮೇಲಿನ ಎರಡು ಮೂರು ದಶಕಗಳಲ್ಲಿ, ಇಬ್ಬಿಬ್ಬರು ಸೇರಿ ಮಾಡಿಕೊಂಡ ಸಣ್ಣಪುಟ್ಟ ಒಪ್ಪಂದಗಳಲ್ಲಿ. ಕ್ಯಾಪ್ರಿವಿ ಅಂಥದ್ದೊಂದು.

1890ರ ಜುಲೈ 1ರಂದು ಬ್ರಿಟನ್ ಮತ್ತು ಜರ್ಮನಿ ಸಹಿ ಹಾಕಿದವು. ಜರ್ಮನಿ ಜಂಜಿಬಾರ್ ಮೇಲಿನ ಹಕ್ಕುಮಾತು ಬಿಟ್ಟಿತು. ಬದಲಿಗೆ ಉತ್ತರ ಸಮುದ್ರದ ಹೆಲಿಗೊಲ್ಯಾಂಡ್ ಎಂಬ ಪುಟ್ಟ ದ್ವೀಪ ಅದರ ಪಾಲಾಯಿತು. ಜೊತೆಗೆ, ತನ್ನ ವಸಾಹತಾದ ನೈಋತ್ಯ ಆಫ್ರಿಕಾದಿಂದ (ಇಂದಿನ ನಮೀಬಿಯಾ) ಜಾಂಬೆಜಿ ನದಿ ಮುಟ್ಟಲು ಒಂದು ದಾರಿ, ಯಾವ ಜಾಗದಲ್ಲೂ 20 ಇಂಗ್ಲಿಷ್ ಮೈಲಿಗೆ ಕಮ್ಮಿ ಇಲ್ಲದಂತೆ. ಆಗಿನ ಜರ್ಮನ್ ಚಾನ್ಸಲರ್ ಲಿಯೋ ಫಾನ್ ಕ್ಯಾಪ್ರಿವಿಯ ಹೆಸರೇ ಪಟ್ಟಿಗೆ ಬಿತ್ತು. ಜಾಂಬೆಜಿ ಹಿಡಿದು ಹಿಂದೂ ಮಹಾಸಾಗರಕ್ಕೆ ಇಳಿಯಬಹುದೆಂದು ಜರ್ಮನರು ನಂಬಿದ್ದರು, ವಿಕ್ಟೋರಿಯಾ ಜಲಪಾತ ಅಡ್ಡ ಇರುವುದು ಅವರಿಗೆ ಗೊತ್ತೇ ಇರಲಿಲ್ಲ ಎಂದು ನಗುತ್ತ ಹೇಳುವುದುಂಟು. ನನಗೆ ನಂಬಿಕೆ ಇಲ್ಲ. ಅನ್ವೇಷಕ ಲಿವಿಂಗ್‌ಸ್ಟನ್ ಆ ಜಲಪಾತ ಕಂಡದ್ದು 1855ರಲ್ಲಿ, ಎರಡೇ ವರ್ಷದಲ್ಲಿ ಅದನ್ನು ಪುಸ್ತಕದಲ್ಲಿ ಬರೆದೂ ಆಗಿತ್ತು. ಸುಮಾರು ನೂರು ಮೀಟರ್ ಎತ್ತರದ ಜಲಪಾತ ಮೂವತ್ತೈದು ವರ್ಷ ಬರ್ಲಿನ್‌ಗೆ ಕಾಣದೇ ಉಳಿಯಲಿಲ್ಲ. ಗೊತ್ತಿದ್ದೂ ತೆಗೆದುಕೊಂಡರು, ಏಕೆಂದರೆ ಬಿಟ್ಟರೆ ಇನ್ನೊಬ್ಬರಿಗೆ ಹೋಗುತ್ತಿತ್ತು.

ಆ ನೆಲ ಖಾಲಿ ಇರಲಿಲ್ಲ. ಸುಬಿಯಾ, ಫ್ವೆ, ಹಂಬುಕುಶು, ಖ್ವೆ ಸಾನ್ ಜನ ಅಲ್ಲಿದ್ದರು. 19ನೇ ಶತಮಾನದ ಮೊದಲರ್ಧದಲ್ಲಿ ದಕ್ಷಿಣದಿಂದ ಬಂದ ಕೊಲೊಲೊಗಳು ಆ ಸೀಮೆಯನ್ನು ಗೆದ್ದರು. 1864ರಲ್ಲಿ ಲೋಜಿಗಳು ಅವರನ್ನು ಕಿತ್ತೊಗೆದರು, ಆದರೂ ಕೊಲೊಲೊಗಳ ಭಾಷೆ ನಿಂತಿತು. ಇವತ್ತಿಗೂ ಪಟ್ಟಿಯ ಪೂರ್ವಭಾಗದಲ್ಲಿ ಬೇರೆ ಬೇರೆ ಜನರು ಪರಸ್ಪರ ಮಾತಾಡುವುದು ಅದರಿಂದ ಬೆಳೆದ ಸಿಲೋಜಿಯಲ್ಲೇ. 1890ರಲ್ಲಿ ದೊರೆ ಲೋಜಿಗಳ ಲೆವಾನಿಕಾ. ಯುರೋಪಿನ ಒಪ್ಪಂದಕ್ಕೆ ಸರಿಯಾಗಿ ನಾಲ್ಕು ದಿನ ಮೊದಲು ಅವನು ಬ್ರಿಟಿಷರ ರಕ್ಷಣೆ ಸಿಗುತ್ತದೆಂದು ಒಂದು ಕರಾರಿಗೆ ಒಪ್ಪಿದ್ದ. ಎದುರಿಗಿದ್ದದ್ದು ರಾಣಿಯ ಸರ್ಕಾರವಲ್ಲ, ಗಣಿ ಉದ್ಯಮಿ ಸೆಸಿಲ್ ರೋಡ್ಸ್‌ನ ಕಂಪನಿ. ತನ್ನ ದಕ್ಷಿಣದ ಸೀಮೆ ಜರ್ಮನರಿಗೆ ಹೋಗುವುದರ ಬಗ್ಗೆ ಅವನನ್ನು ಯಾರೂ ಕೇಳಲಿಲ್ಲ. ಜರ್ಮನ್ ಅಧಿಕಾರಿಯೊಬ್ಬ ಅಲ್ಲಿ ಬಂದು ಠಾಣೆ ಹೂಡಿದ್ದು 1909ರಲ್ಲಿ. ಐದು ವರ್ಷಕ್ಕೆ ಮಹಾಯುದ್ಧ ಶುರುವಾಯಿತು, ರೊಡೇಶಿಯಾದಿಂದ ಬಂದ ಬ್ರಿಟಿಷ್ ಪಡೆ ಠಾಣೆಯನ್ನು ವಶಪಡಿಸಿಕೊಂಡಿತು. ಆಮೇಲೆ ಪಟ್ಟಿ ಬೆಚುವಾನಾಲ್ಯಾಂಡ್ (ಇಂದಿನ ಬೋಟ್ಸ್ವಾನಾ), ಆಮೇಲೆ ದಕ್ಷಿಣ ಆಫ್ರಿಕಾದ ಕೈಗೆ. ವರ್ಣಭೇದದ ಕಾಲದಲ್ಲಿ ಇದೇ ಪಟ್ಟಿ ಪ್ರಿಟೋರಿಯಾದ ಸೇನೆಗೆ ನೆಲೆಯಾಯಿತು.

ಸ್ವಾತಂತ್ರ್ಯ ಬಂದಾಗ ಈ ಗೆರೆಗಳನ್ನು ಅಳಿಸಬಹುದಿತ್ತಲ್ಲ? 1964ರ ಜುಲೈನಲ್ಲಿ ಕೈರೋದಲ್ಲಿ ಸೇರಿದ ಆಫ್ರಿಕನ್ ಏಕತಾ ಸಂಘಟನೆ ಇಲ್ಲ ಎಂದಿತು. ಸ್ವತಂತ್ರರಾದ ದಿನ ಇದ್ದ ಗಡಿಗಳೇ ಉಳಿಯಲಿ ಎಂದು ನಿರ್ಣಯಿಸಿತು. ಒಂದು ಗೆರೆ ಸರಿಸಿದರೆ ಖಂಡದ ಎಲ್ಲ ಗೆರೆಗಳ ಮೇಲೂ ಜಗಳ ಏಳುತ್ತದೆ ಎಂಬ ಭಯ ಸುಳ್ಳಲ್ಲ. ಆದರೆ ಅದರ ಬೆಲೆ ತೆತ್ತವರು ಗಡಿಯ ಮೇಲೇ ಬದುಕುವವರು.

1990ರಲ್ಲಿ ಸ್ವತಂತ್ರವಾದ ನಮೀಬಿಯಾ ಆ ಪಟ್ಟಿಯನ್ನೂ ಪಡೆಯಿತು. ರಾಜಧಾನಿ ವಿಂಡ್‌ಹುಕ್ ನೂರಾರು ಮೈಲಿ ದೂರ, ಅಧಿಕಾರ ಬೇರೆಯವರದು ಎಂಬ ಅಸಮಾಧಾನ ಪ್ರತ್ಯೇಕತೆಗೆ ತಿರುಗಿತು. 1999ರ ಆಗಸ್ಟ್ 2ರಂದು ಕಟಿಮಾ ಮುಲಿಲೋ ಪಟ್ಟಣದ ಮೇಲೆ ಬಂಡುಕೋರರು ದಾಳಿ ಮಾಡಿದರು. ಬಂಡಾಯ ಕೆಲವೇ ದಿನಗಳಲ್ಲಿ ಅಡಗಿತು. ನೂರಕ್ಕೂ ಹೆಚ್ಚು ಜನರ ಮೇಲಿನ ದೇಶದ್ರೋಹದ ಮೊಕದ್ದಮೆಯಲ್ಲಿ ತೀರ್ಪು ಬಂದದ್ದು 2015ರಲ್ಲಿ. ನಡುವೆ 2013ರಲ್ಲಿ ಸರ್ಕಾರ ಜರ್ಮನ್ ಹೆಸರು ಅಳಿಸಿ ಜಾಂಬೆಜಿ ಪ್ರಾಂತ ಎಂದು ಕರೆಯಿತು.

ಅದೇ 1999ರ ಡಿಸೆಂಬರ್‌ನಲ್ಲಿ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ ಚೋಬೆ ನದಿಯ ಒಂದು ನಡುಗಡ್ಡೆಯ ವ್ಯಾಜ್ಯ ಮುಗಿಸಿತು. ನಮೀಬಿಯಾಕ್ಕೆ ಅದು ಕಸಿಕಿಲಿ, ಬೋಟ್ಸ್ವಾನಾಕ್ಕೆ ಸೆಡುಡು. ವಿಸ್ತೀರ್ಣ ಮೂರೂವರೆ ಚದರ ಕಿ.ಮೀ., ವರ್ಷದಲ್ಲಿ ಕೆಲವು ತಿಂಗಳು ನೀರಡಿ. 1890ರ ಒಪ್ಪಂದ ಗಡಿಯನ್ನು ನದಿಯ ಮುಖ್ಯ ಹರಿವಿನ ಮಧ್ಯದಲ್ಲಿ ಇಟ್ಟಿತ್ತು, ಆದರೆ ಗಡ್ಡೆಯ ಎರಡು ಬದಿಯ ಕವಲುಗಳಲ್ಲಿ ಮುಖ್ಯವಾದದ್ದು ಉತ್ತರದ್ದೋ ದಕ್ಷಿಣದ್ದೋ ಹೇಳಿರಲಿಲ್ಲ. ನ್ಯಾಯಾಧೀಶರು ಆಳ, ಅಗಲ ನೋಡಿ ಉತ್ತರದ್ದೇ ಮುಖ್ಯ ಎಂದು 11-4 ಬಹುಮತದಿಂದ ಬೋಟ್ಸ್ವಾನಾಕ್ಕೆ ಕೊಟ್ಟರು. ಪಟ್ಟಿಯ ಸುಬಿಯಾ ಜನ ನೆರೆ ಇಳಿದಾಗ ಅಲ್ಲಿ ಬೇಸಾಯ ಮಾಡುತ್ತಿದ್ದುದನ್ನು ನ್ಯಾಯಾಲಯ ಒಪ್ಪಿತು. ಆದರೆ ಬೇಸಾಯ ಬೇರೆ, ಸಾರ್ವಭೌಮತ್ವ ಬೇರೆ ಎಂದಿತು. ಕಾನೂನಿನ ಪ್ರಕಾರ ಆಕ್ಷೇಪಿಸಲು ಏನೂ ಇಲ್ಲ. ಆ ಕಾನೂನು ಯಾರ ಕಡತದಿಂದ ಹುಟ್ಟಿತು ಎಂಬ ಪ್ರಶ್ನೆ ಮಾತ್ರ ಅಲ್ಲೇ ಉಳಿಯುತ್ತದೆ.

2020ರ ನವೆಂಬರ್‌ನಲ್ಲಿ ಚೋಬೆಯ ಮೇಲೆ ಬೋಟ್ಸ್ವಾನಾದ ಸೈನಿಕರು ನಾಲ್ವರನ್ನು ಗುಂಡಿಟ್ಟು ಕೊಂದರು. ಕಳ್ಳಬೇಟೆಗಾರರೆಂದು ಸೇನೆ ಹೇಳಿತು, ಮೀನು ಹಿಡಿಯಲು ಹೋಗಿದ್ದರೆಂದು ಮನೆಯವರು ಹೇಳಿದರು. ಮೂವರು ಅಣ್ಣತಮ್ಮಂದಿರು, ನಮೀಬಿಯಾದವರು. ನಾಲ್ಕನೆಯವನು ಅವರ ಸೋದರಸಂಬಂಧಿ, ಜಾಂಬಿಯಾದವನು. 2023ರ ಫೆಬ್ರುವರಿಯಲ್ಲಿ ಎರಡೂ ದೇಶಗಳ ಅಧ್ಯಕ್ಷರು ಒಂದು ಒಪ್ಪಂದ ಮಾಡಿಕೊಂಡರು: ನಮೀಬಿಯಾ, ಬೋಟ್ಸ್ವಾನಾ ನಾಗರಿಕರು ಪಾಸ್‌ಪೋರ್ಟ್ ಇಲ್ಲದೆ ಗುರುತಿನ ಚೀಟಿ ತೋರಿಸಿ ಗಡಿ ದಾಟಬಹುದು. ಗಡಿ ಇದ್ದಲ್ಲೇ ಇದೆ.