ಬಾಹ್ಯಾಕಾಶದಲ್ಲಿ ಇಂಧನದ ಬಂಕ್ ಕಟ್ಟೋಕೆ ದುಡ್ಡು ಯಾರು ಹಾಕ್ತಾರೆ?

ಪ್ರಶ್ನೆ: ಕ್ಷುದ್ರಗ್ರಹಗಳಲ್ಲಿ ಚಿನ್ನ, ಪ್ಲಾಟಿನಂ ಇದೆಯಂತೆ. ಅದನ್ನು ತಂದು ಮಾರಿದರೆ ಆ ಲಾಭದಲ್ಲೇ ಮೇಲೆ ನಿಲ್ದಾಣ, ಇಂಧನದ ಬಂಕ್ ಎಲ್ಲಾ ಕಟ್ಟಬಹುದಲ್ವಾ?
(ಓದುಗರು, ಡೊಂಬಿವಲಿ)

ಚಿನ್ನದ ಆಸೆ ಸದ್ಯಕ್ಕೆ ಬಿಡಿ. ನಾಸಾದ ಒಸೈರಿಸ್-ರೆಕ್ಸ್ ನೌಕೆ 2023ರಲ್ಲಿ ಕ್ಷುದ್ರಗ್ರಹವೊಂದರ ಮಣ್ಣು ತಂದುಕೊಟ್ಟಿತು. ಎಷ್ಟು? 121.6 ಗ್ರಾಂ. ಖರ್ಚು 100 ಕೋಟಿ ಡಾಲರಿಗೂ ಜಾಸ್ತಿ. ಅದು ವಿಜ್ಞಾನಕ್ಕೆ ಹೋಗಿದ್ದು, ವ್ಯಾಪಾರಕ್ಕಲ್ಲ, ನಿಜ. ಆದರೆ ಗಣಿಗಾರಿಕೆ ಮಾಡ್ತೀವಿ ಅಂತ 2012ರಲ್ಲಿ ಭಾರೀ ಸುದ್ದಿಯಾದ ಪ್ಲಾನೆಟರಿ ರಿಸೋರ್ಸಸ್ ಕಂಪನಿ ಒಂದು ಕ್ಷುದ್ರಗ್ರಹವನ್ನೂ ಮುಟ್ಟದೆ 2018ರಲ್ಲಿ ಬೇರೆಯವರ ಪಾಲಾಯಿತು. ಬಾಹ್ಯಾಕಾಶ ಪ್ರವಾಸವೂ ಇನ್ನೂ ಕೋಟ್ಯಧೀಶರ ಶೋಕಿಯೇ.

ಇವತ್ತು ಮೇಲಿಂದ ದುಡ್ಡು ತರುತ್ತಿರುವುದು ತೂಕವೇ ಇಲ್ಲದ ಸರಕು, ಅಂದರೆ ಸಿಗ್ನಲ್. 2022ರ ಜೂನ್‌ನಲ್ಲಿ ಹಾರಿದ ನಮ್ಮ ಜಿಸ್ಯಾಟ್-24 ಉಪಗ್ರಹ ನೋಡಿ. ಅದರ ಸಾಮರ್ಥ್ಯವನ್ನೆಲ್ಲ ಟಾಟಾ ಪ್ಲೇ ಗುತ್ತಿಗೆಗೆ ತೆಗೆದುಕೊಂಡಿತು. ನಿಮ್ಮ ಸೊಸೈಟಿಯ ಟೆರೇಸಿನ ಮೇಲಿರುವ ಡಿಶ್‌ಗೆ ತಿಂಗಳು ತಿಂಗಳು ಹಾಕಿಸುವ ರೀಚಾರ್ಜ್ ಇದೆಯಲ್ಲ, ಈ ಉದ್ಯಮ ನಿಂತಿರುವುದು ಅದರ ಮೇಲೆ.

ಬಂಕಿನ ಮೊದಲ ಗಿರಾಕಿಗಳೂ ಇದೇ ಉಪಗ್ರಹದವರು. ಇಂಟೆಲ್‌ಸ್ಯಾಟ್ ಕಂಪನಿಯ ಸಂಪರ್ಕ ಉಪಗ್ರಹ ಇಂಟೆಲ್‌ಸ್ಯಾಟ್ 901 ಹಾರಿದ್ದು 2001ರಲ್ಲಿ. ಸುಮಾರು ಹದಿನೆಂಟು ವರ್ಷ ಕಳೆದರೂ ಕೆಲಸಕ್ಕೆ ಅಡ್ಡಿಯಿರಲಿಲ್ಲ, ಇಂಧನ ಮಾತ್ರ ಮುಗಿಯುತ್ತಾ ಬಂದಿತ್ತು. 2020ರ ಫೆಬ್ರವರಿಯಲ್ಲಿ ನಾರ್ಥ್ರಪ್ ಗ್ರಮನ್ ಕಂಪನಿಯ ಎಂಇವಿ-1 ಅನ್ನೋ ನೌಕೆ ಹಿಂದಿನಿಂದ ಮೆಲ್ಲಗೆ ಬಂತು. ಹೀಗೆ ಯಾರಾದರೂ ಬಂದು ಹಿಡಿಯುತ್ತಾರೆ ಅಂತ 901 ಕಟ್ಟಿದವರು ಅಂದುಕೊಂಡಿರಲಿಲ್ಲ, ಹಿಡಿಕೆ ಗಿಡಿಕೆ ಏನೂ ಇಲ್ಲ. ಹಾಗಾಗಿ ಅದರ ಇಂಜಿನ್ನಿನ ಬಾಯಿಯೊಳಗೇ ಸರಳು ತೂರಿಸಿ ಕಚ್ಚಿಕೊಂಡಿತು. ಅಲ್ಲಿಂದಾಚೆ ತನ್ನದೇ ಇಂಧನ ಸುಟ್ಟು ಉಪಗ್ರಹವನ್ನು ಜಾಗದಲ್ಲಿ ನಿಲ್ಲಿಸುವ ಕೆಲಸ ಎಂಇವಿಯದಾಯಿತು, ಸಂಪಾದನೆ ಇಂಟೆಲ್‌ಸ್ಯಾಟಿನದು. ಒಪ್ಪಂದ 5 ವರ್ಷಕ್ಕಿತ್ತು, 2025ರಲ್ಲಿ ಮುಗಿಯಿತು. ಹೊಸ ಉಪಗ್ರಹಕ್ಕೆ ಈಗಲೇ ದುಡ್ಡು ಸುರಿಯುವ ಬದಲು ಬಾಡಿಗೆ ಕೊಟ್ಟರೆ ಸಾಕಾಯಿತು. ನಿಮ್ಮ ಕನಸಿನ ಬಂಕ್ ಹೀಗೇ ಚಿಕ್ಕದಾಗಿ ಶುರುವಾಗುತ್ತದೆ ಅಂತ ನನ್ನ ಅಂದಾಜು.

ಔಷಧಿಯೂ ಗಿಟ್ಟಬಹುದು. ತೂಕ ಕಮ್ಮಿ, ಬೆಲೆ ಜಾಸ್ತಿ. ಕಕ್ಷೆಯಲ್ಲಿ ಔಷಧಿಯ ಹರಳು ಬೆಳೆಸಿದ ವಾರ್ಡಾ ಕಂಪನಿಯ ಡಬ್ಬಿ 2024ರ ಫೆಬ್ರವರಿಯಲ್ಲಿ ಅಮೆರಿಕದ ಯೂಟಾದಲ್ಲಿ ಇಳಿದಿದೆ.

ಆದರೆ ದೊಡ್ಡ ಕಟ್ಟೋಣಕ್ಕೆ ಲಾಭ ಬರುವ ತನಕ ಕಾಯುವವರು ಯಾರು? ಮುಂಬೈಯವರಿಗೆ ಇದು ಹಳೇ ಕಥೆ. 1853ರಲ್ಲಿ ಬೋರಿಬಂದರಿನಿಂದ ಠಾಣೆಗೆ ರೈಲು ಓಡಿಸಿದ ಜಿಐಪಿ ಕಂಪನಿ ಒಳನಾಡಿನ ಹತ್ತಿಯನ್ನು ನಂಬಿಕೊಂಡಿತ್ತು. ಆದರೂ ಷೇರುದಾರರು ಸುಮ್ನೆ ದುಡ್ಡು ಬಿಚ್ಚಲಿಲ್ಲ. ಈಸ್ಟ್ ಇಂಡಿಯಾ ಕಂಪನಿ 5% ಆದಾಯದ ಗ್ಯಾರಂಟಿ ಕೊಡಬೇಕಾಯಿತು. ಸ್ಪೇಸ್‌ಎಕ್ಸ್ ಕೂಡ ಸ್ವಂತ ಬಲದಲ್ಲಷ್ಟೇ ಎದ್ದು ನಿಲ್ಲಲಿಲ್ಲ. 2008ರ ಕೊನೆಗೆ ನಾಸಾ 160 ಕೋಟಿ ಡಾಲರಿನ ಸರಕು ಸಾಗಣೆ ಗುತ್ತಿಗೆ ಕೊಟ್ಟಿತು. ಇಲ್ಲೇ ವಿಕ್ರೋಳಿಯಲ್ಲಿ ಗೋದ್ರೆಜ್‌ನವರು ರಾಕೆಟ್ಟಿನ ವಿಕಾಸ್ ಇಂಜಿನ್ ಮಾಡುವುದು, ಪುಣೆ ಜಿಲ್ಲೆಯ ವಾಲ್‌ಚಂದ್‌ನಗರದಲ್ಲಿ ರಾಕೆಟ್ ಮೋಟಾರಿನ ಕವಚ ತಯಾರಾಗುವುದು ಕೂಡ ಇಸ್ರೋ ಆರ್ಡರಿನ ಮೇಲೇ.