ನೂರಕ್ಕೆ ನೂರು ತುಂಬಿದ ತಂಡ: ಕೆಲಸದ ಹೊರೆ ಮತ್ತು ಬರ್ನ್‌ಔಟ್ ಕುರಿತ ಟಿಪ್ಪಣಿ

ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಪಠ್ಯಗಳಲ್ಲಿ ಕೆಲಸ ಹಂಚಿಕೆಯ ಅಧ್ಯಾಯ ಒಂದು ಕಡೆ ಇರುತ್ತದೆ, ನೌಕರರ ಒತ್ತಡದ ಅಧ್ಯಾಯ ಇನ್ನೊಂದು ಕಡೆ. ಮೊದಲನೆಯದರಲ್ಲಿ ಕೋಷ್ಟಕ, ಶೇಕಡಾವಾರು, ಗ್ಯಾಂಟ್ ಚಾರ್ಟ್. ಎರಡನೆಯದರಲ್ಲಿ ಸಹಾನುಭೂತಿ, ಧ್ಯಾನ, ಆಪ್ತಸಮಾಲೋಚನೆ. ಪರೀಕ್ಷೆಗೆ ಓದುವವರು ಎರಡನ್ನೂ ಬೇರೆ ಬೇರೆಯಾಗಿ ಉರು ಹೊಡೆಯುತ್ತಾರೆ. ಇವೆರಡೂ ಒಂದೇ ಅಧ್ಯಾಯ ಎಂಬುದು ನನ್ನ ವಾದ. ತಂಡದ ಹೊರೆಯ ಲೆಕ್ಕ ತಪ್ಪಿದ ಕಡೆಯಲ್ಲೇ ಜನ ಕುಸಿಯುವುದು ಹೆಚ್ಚು. ಆ ಲೆಕ್ಕವನ್ನು ಮುಟ್ಟದೆ ಶುಕ್ರವಾರ ಸಂಜೆ ಯೋಗ ತರಗತಿ ಏರ್ಪಡಿಸುವುದು ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಮುಡಿಸಿದಂತೆ. ಉದಾಹರಣೆಗಳೆಲ್ಲ ಸಾಫ್ಟ್‌ವೇರ್ ತಂಡಗಳದ್ದು. ಕಟ್ಟಡ ನಿರ್ಮಾಣ, ಆಸ್ಪತ್ರೆ, ಪತ್ರಿಕಾಲಯದವರು ಸಂಖ್ಯೆಗಳನ್ನು ಬದಲಿಸಿಕೊಂಡು ಓದಬಹುದು.

ಮೊದಲು ವ್ಯಾಖ್ಯೆ

1974ರಲ್ಲಿ ಮನಶ್ಶಾಸ್ತ್ರಜ್ಞ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ ನ್ಯೂಯಾರ್ಕಿನ ಉಚಿತ ಚಿಕಿತ್ಸಾಲಯದ ಸಿಬ್ಬಂದಿಯನ್ನು ಗಮನಿಸಿ ಬರ್ನ್‌ಔಟ್ ಬಗ್ಗೆ ಬರೆದರು. ಹೆಚ್ಚು ನಿಷ್ಠೆಯಿಂದ, ಹುಮ್ಮಸ್ಸಿನಿಂದ ದುಡಿಯುವವರೇ ಇದಕ್ಕೆ ಬೇಗ ತುತ್ತಾಗುತ್ತಾರೆ ಎಂಬುದು ಅವರು ಅಂದೇ ಕಂಡುಕೊಂಡ ಸಂಗತಿ. 1981ರಲ್ಲಿ ಕ್ರಿಸ್ಟೀನಾ ಮಾಸ್ಲಾಕ್ ಮತ್ತು ಸೂಸನ್ ಜಾಕ್ಸನ್ ಇದನ್ನು ಅಳೆಯುವ ಪ್ರಶ್ನಾವಳಿ ರೂಪಿಸಿದರು. ಅದು ಮೂರು ಸಂಗತಿಗಳನ್ನು ಅಳೆಯುತ್ತದೆ: ತೀವ್ರ ಬಳಲಿಕೆ, ಕೆಲಸದ ಮತ್ತು ಎದುರಿನವರ ಬಗ್ಗೆ ಬೆಳೆಯುವ ನಿರ್ಲಿಪ್ತತೆ, ‘ನನ್ನಿಂದ ಏನೂ ಆಗುತ್ತಿಲ್ಲ’ ಎಂಬ ಭಾವ.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ತನ್ನ ರೋಗ ವರ್ಗೀಕರಣದ 11ನೇ ಆವೃತ್ತಿಯಲ್ಲಿ ಬರ್ನ್‌ಔಟನ್ನು ಸೇರಿಸಿತು. ಇಲ್ಲಿ ಪರೀಕ್ಷೆಯಲ್ಲಿ ಎಡವುವವರು ಬಹಳ. ಅದು ಅಲ್ಲಿ ಸೇರಿದ್ದು ಕಾಯಿಲೆಯಾಗಿ ಅಲ್ಲ, ಉದ್ಯೋಗಕ್ಕೆ ಸಂಬಂಧಿಸಿದ ವಿದ್ಯಮಾನವಾಗಿ. ಕೆಲಸದ ಸ್ಥಳದ ದೀರ್ಘಕಾಲದ ಒತ್ತಡವನ್ನು ಸರಿಯಾಗಿ ನಿಭಾಯಿಸದಿದ್ದಾಗ ಉಂಟಾಗುವ ಸ್ಥಿತಿ ಎಂಬುದು ಆ ವ್ಯಾಖ್ಯೆಯ ತಿರುಳು. ನಿಭಾಯಿಸಬೇಕಾದವರು ಯಾರು ಎಂಬುದನ್ನು ಅದು ಹೇಳುವುದಿಲ್ಲ. ಕಂಪನಿಗಳು ‘ನೌಕರ’ ಎಂದು ಓದಿಕೊಳ್ಳುತ್ತವೆ. ನಾವು ‘ಮ್ಯಾನೇಜರ್’ ಎಂದು ಓದಿಕೊಳ್ಳೋಣ, ಓದುತ್ತಿರುವುದು ಆ ಹುದ್ದೆಗೇ ತಾನೆ.

ಮೂರು ಲಕ್ಷಣಗಳಲ್ಲಿ ಬಳಲಿಕೆ ಎಲ್ಲರ ಕಣ್ಣಿಗೂ ಬೀಳುತ್ತದೆ. ಕಣ್ಣಿಗೆ ಬೀಳದೆ ತಪ್ಪಿಸಿಕೊಳ್ಳುವುದು ಎರಡನೆಯದಾದ ನಿರ್ಲಿಪ್ತತೆ. ವಿನ್ಯಾಸದ ಚರ್ಚೆಯಲ್ಲಿ ಪ್ರತಿ ಬಾರಿಯೂ ತಕರಾರು ತೆಗೆಯುತ್ತಿದ್ದ ಹಿರಿಯ ಡೆವಲಪರ್ ಒಂದು ದಿನ ‘ಸರಿ, ನೀವು ಹೇಳಿದ ಹಾಗೇ ಮಾಡೋಣ’ ಎನ್ನತೊಡಗುತ್ತಾರೆ. ಕೋಡ್ ಪರಿಶೀಲನೆಯಲ್ಲಿ ಮೊದಲು ಹತ್ತು ಟಿಪ್ಪಣಿ ಬರೆಯುತ್ತಿದ್ದವರು ಈಗ ಎರಡು ನಿಮಿಷದಲ್ಲಿ ಒಪ್ಪಿಗೆ ಒತ್ತುತ್ತಾರೆ. ಮ್ಯಾನೇಜರ್‌ಗೆ ಇದು ತಂಡ ಪಳಗಿದಂತೆ ಕಾಣುತ್ತದೆ, ಸಭೆ ಬೇಗ ಮುಗಿಯಿತೆಂದು ಖುಷಿಯೂ ಆಗುತ್ತದೆ. ಅಪಾಯದ ಗಂಟೆಯನ್ನು ನಾನು ಕೇಳುವುದು ಅಲ್ಲಿ. ದಣಿದವರು ಭಾನುವಾರ ನಿದ್ದೆ ಮಾಡಿ ಸೋಮವಾರ ಚೇತರಿಸಿಕೊಳ್ಳುತ್ತಾರೆ. ತಕರಾರು ಬಿಟ್ಟವರು ಸೋಮವಾರವೂ ತಕರಾರು ಮಾಡುವುದಿಲ್ಲ.

ಮಾಸ್ಲಾಕ್ ಮತ್ತು ಮೈಕೆಲ್ ಲೀಟರ್ 1997ರಲ್ಲಿ ಬರ್ನ್‌ಔಟಿನ ಆರು ಮೂಲಗಳನ್ನು ಗುರುತಿಸಿದರು: ಹೊರೆ, ಹಿಡಿತ, ಪ್ರತಿಫಲ, ಸಹೋದ್ಯೋಗಿಗಳ ಬಾಂಧವ್ಯ, ನ್ಯಾಯ, ಮೌಲ್ಯ. ಹೊರೆ ಆರರಲ್ಲಿ ಒಂದು ಮಾತ್ರ ಎಂಬುದು ನೆನಪಿರಲಿ. ಹಾಗೆಯೇ ರಾಬರ್ಟ್ ಕರಾಸೆಕ್ ಅವರ 1979ರ ಮಾದರಿ: ಒತ್ತಡ ಕೆಲಸದ ಬೇಡಿಕೆಯೊಂದರಿಂದಲೇ ನಿರ್ಧಾರವಾಗುವುದಿಲ್ಲ. ಬೇಡಿಕೆ ಹೆಚ್ಚಿದ್ದು, ಕೆಲಸವನ್ನು ಹೇಗೆ, ಯಾವಾಗ ಮಾಡಬೇಕೆಂಬ ಹಿಡಿತ ಕಡಿಮೆಯಿದ್ದಾಗ ಒತ್ತಡ ಅತಿಯಾಗುತ್ತದೆ.

ಸರದಿಯ ಗಣಿತ

ಈ ಭಾಗವನ್ನು ಸಾವಕಾಶವಾಗಿ ಓದಿ, ಉಳಿದದ್ದೆಲ್ಲ ಇದರ ಮೇಲೆ ನಿಂತಿದೆ.

ಒಬ್ಬರ ಮುಂದೆ ಕೆಲಸಗಳು ಸರದಿಯಲ್ಲಿ ಬರುತ್ತಿವೆ ಎಂದುಕೊಳ್ಳಿ. ಒಂದೊಂದೂ ಸರಾಸರಿ ಒಂದು ದಿನದ್ದು, ಆದರೆ ಕೆಲವು ಒಂದು ಗಂಟೆಯಲ್ಲಿ ಮುಗಿಯುತ್ತವೆ, ಕೆಲವು ಮೂರು ದಿನ ಎಳೆಯುತ್ತವೆ. ಬರುವ ಹೊತ್ತೂ ನಿಶ್ಚಿತವಲ್ಲ. ಇಂಥ ಕಡೆ ಹೊಸ ಕೆಲಸವೊಂದು ಎಷ್ಟು ಕಾಯಬೇಕಾಗುತ್ತದೆ? ಬ್ರಿಟಿಷ್ ಗಣಿತಜ್ಞ ಜಾನ್ ಕಿಂಗ್‌ಮನ್ 1961ರಲ್ಲಿ ಕೊಟ್ಟ ಸೂತ್ರವನ್ನು ಸರಳಗೊಳಿಸಿದರೆ, ಅವರ ಹೊತ್ತಿನಲ್ಲಿ ಕೆಲಸ ತುಂಬಿದ ಭಾಗವನ್ನು ಖಾಲಿ ಭಾಗದಿಂದ ಭಾಗಿಸಬೇಕು. ಶೇಕಡಾ 80 ತುಂಬಿದ್ದರೆ 80 ಭಾಗಿಸು 20, ಅಂದರೆ 4 ದಿನ. ಶೇಕಡಾ 90 ತುಂಬಿದ್ದರೆ 9 ದಿನ. ಶೇಕಡಾ 95 ಆದರೆ 19 ದಿನ. ಶೇಕಡಾ 100 ಎಂದಾಗ ಸೊನ್ನೆಯಿಂದ ಭಾಗಿಸಬೇಕಾಗುತ್ತದೆ. ಸರದಿ ಬೆಳೆಯುತ್ತಲೇ ಹೋಗುತ್ತದೆ.

90ರಿಂದ 95ಕ್ಕೆ ಏರಿಸಿದ ಮ್ಯಾನೇಜರ್‌ಗೆ ತಾನು ಕೊಟ್ಟದ್ದು ವಾರಕ್ಕೆ ಎರಡು ಗಂಟೆಯ ಹೆಚ್ಚುವರಿ ಕೆಲಸ ಅಷ್ಟೇ ಎನಿಸುತ್ತದೆ. ಆದರೆ ಕಾಯುವ ಅವಧಿ ಎರಡು ಪಟ್ಟಿಗೂ ಹೆಚ್ಚಾಗಿದೆ. ಸರದಿ ಉದ್ದವಾದಂತೆ ಅದರಿಂದಲೇ ಹೊಸ ಕೆಲಸ ಹುಟ್ಟುತ್ತದೆ: ‘ಎಲ್ಲಿಗೆ ಬಂತು’ ಎಂಬ ಫೋನ್ ಕರೆ, ಆದ್ಯತೆ ಬದಲಿಸುವ ಸಭೆ, ವಿಳಂಬಕ್ಕೆ ವಿವರಣೆ ಕೊಡುವ ಮಿಂಚಂಚೆ. ಇವು ಯಾವ ಯೋಜನೆಯ ಹಾಳೆಯಲ್ಲೂ ಇರುವುದಿಲ್ಲವಾದ್ದರಿಂದ ರಾತ್ರಿಯ ಪಾಲಾಗುತ್ತವೆ.

ಜಾನ್ ಲಿಟಲ್ ತಮ್ಮ ನಿಯಮವನ್ನು ಸಾಧಿಸಿದ್ದೂ 1961ರಲ್ಲೇ. ಕೈಯಲ್ಲಿರುವ ಕೆಲಸಗಳ ಸಂಖ್ಯೆಯನ್ನು ಮುಗಿಯುವ ವೇಗದಿಂದ ಭಾಗಿಸಿದರೆ ಸರಾಸರಿ ಅವಧಿ ಸಿಗುತ್ತದೆ. ತಂಡ ವಾರಕ್ಕೆ 5 ಕೆಲಸ ಮುಗಿಸುತ್ತದೆ, 30 ಕೆಲಸ ತೆರೆದಿವೆ: ಒಂದೊಂದಕ್ಕೂ 6 ವಾರ. ಗ್ರಾಹಕರ ಸಮಾಧಾನಕ್ಕೆಂದು ಇನ್ನೂ ಹತ್ತನ್ನು ‘ಶುರು ಮಾಡಿದ್ದೇವೆ’ ಎಂದರೆ ಅವಧಿ 8 ವಾರವಾಗುತ್ತದೆ, ಮತ್ತೇನೂ ಆಗುವುದಿಲ್ಲ. ಕಾನ್‌ಬಾನ್ ಫಲಕದಲ್ಲಿ (ಯಾವ ಕೆಲಸ ಯಾವ ಹಂತದಲ್ಲಿದೆ ಎಂದು ಕಾಲಮುಗಳಲ್ಲಿ ತೋರಿಸುವ ಫಲಕ) ಪ್ರತಿ ಕಾಲಮಿಗೂ ಮಿತಿ ಹಾಕುವುದರ ಹಿಂದಿನ ತರ್ಕ ಇದೇ. ಕಾನ್‌ಬಾನ್ ಬೆಳೆದ ಟೊಯೋಟಾದಲ್ಲಿ ತಪ್ಪಿಸಬೇಕಾದ ಸಂಗತಿಗಳು ಮೂರು: ಮುದಾ ಅಂದರೆ ವ್ಯರ್ಥ, ಮುರಾ ಅಂದರೆ ಏರುಪೇರು, ಮುರಿ ಅಂದರೆ ಅತಿಹೊರೆ. ತರಬೇತಿಗಳಲ್ಲಿ ಮೊದಲನೆಯದಕ್ಕೆ ಇಡೀ ಬೆಳಗ್ಗೆ, ಮೂರನೆಯದಕ್ಕೆ ಊಟದ ಮುಂಚಿನ ಐದು ನಿಮಿಷ.

480 ಗಂಟೆ ಎಲ್ಲಿ ಹೋಯಿತು?

ಆರು ಜನರ ತಂಡ, ಎರಡು ವಾರದ ಸ್ಪ್ರಿಂಟ್, ಅಂದರೆ ಗೊತ್ತುಪಡಿಸಿದ ಕೆಲಸ ಮುಗಿಸಲು ಹಾಕಿಕೊಂಡ ಚಿಕ್ಕ ಅವಧಿ. ಹತ್ತು ದಿನ, ದಿನಕ್ಕೆ ಎಂಟು ಗಂಟೆ, ಒಟ್ಟು 480. ಬಹುತೇಕ ಯೋಜನೆಗಳು ಇಲ್ಲಿಗೇ ನಿಂತು ಕೆಲಸ ತುಂಬತೊಡಗುತ್ತವೆ. ನಾವು ಮುಂದುವರಿಯೋಣ.

ನಡುವೆ ಯುಗಾದಿ ರಜೆ ಬಂತು. ಆರು ಜನರ 48 ಗಂಟೆ ಹೋಗಿ 432. ಒಬ್ಬರು ಊರಿಗೆ ಹೋಗಲು ಇನ್ನೂ ಮೂರು ದಿನ ರಜೆ ಹಾಕಿದ್ದಾರೆ, 408. ಅಂದರೆ ಒಟ್ಟು 51 ಮಾನವ ದಿನ. ಬೆಳಗಿನ ಸಭೆ, ಯೋಜನೆ, ಪರಿಶೀಲನೆ ಎಲ್ಲ ಸೇರಿ ದಿನಕ್ಕೆ ಸರಾಸರಿ ಒಂದೂವರೆ ಗಂಟೆ, 76.5 ಕಳೆದರೆ 331.5. ಚಾಲ್ತಿಯಲ್ಲಿರುವ ವ್ಯವಸ್ಥೆಯಲ್ಲಿ ದೋಷ ಬಂದರೆ ನೋಡಿಕೊಳ್ಳಲು ಒಬ್ಬರನ್ನು ಸರದಿಯ ಮೇಲೆ ಪೂರ್ತಿ ಮೀಸಲಿಟ್ಟರೆ ಇನ್ನೂ 58.5 (9 ದಿನ, ಸಭೆ ಕಳೆದು ದಿನಕ್ಕೆ 6.5 ಗಂಟೆ) ಹೋಗಿ 273. ಮೇಲಿನ ಗಣಿತದ ಪ್ರಕಾರ ಅದರಲ್ಲೂ ಶೇಕಡಾ 80ರಷ್ಟನ್ನು ಮಾತ್ರ ತುಂಬಬೇಕು: ಸುಮಾರು 218 ಗಂಟೆ.

480 ಎಂದುಕೊಂಡದ್ದು ಅರ್ಧಕ್ಕಿಂತ ಕೆಳಗಿಳಿಯಿತು. ಈ ಸಂಖ್ಯೆಯನ್ನು ಮೇಲಿನವರ ಮುಂದೆ ಇಟ್ಟರೆ ಸೋಮಾರಿ ತಂಡ ಎನ್ನುತ್ತಾರೆ ಎಂಬ ಹೆದರಿಕೆ ಸಹಜ. ಹಿಂದಿನ ಮೂರು ನಾಲ್ಕು ಸ್ಪ್ರಿಂಟ್‌ಗಳಲ್ಲಿ ನಿಜಕ್ಕೂ ಮುಗಿದ ಕೆಲಸದ ಅಂದಾಜು ಗಂಟೆಗಳನ್ನು ಪಕ್ಕದಲ್ಲಿಡಿ. ಅವು ಸಾಮಾನ್ಯವಾಗಿ 480ಕ್ಕಿಂತ 218ರ ಕಡೆಗೇ ವಾಲಿರುತ್ತವೆ. ತಂಡದ ಸಾಮರ್ಥ್ಯ ಮೊದಲೂ ಅಷ್ಟೇ ಇತ್ತು, ಭರವಸೆ ಮಾತ್ರ ದೊಡ್ಡದಿತ್ತು.

ಇನ್ನೊಂದು ಹೆಜ್ಜೆ ಉಳಿದಿದೆ, ನನ್ನ ಪ್ರಕಾರ ಬರ್ನ್‌ಔಟ್ ಶುರುವಾಗುವುದು ಇಲ್ಲಿಯೇ. ಒಟ್ಟು ಕೆಲಸ 218 ಗಂಟೆಯೊಳಗೇ ಇದೆ, ಆದರೆ ಅದರಲ್ಲಿ 90 ಗಂಟೆಯದ್ದು ಪಾವತಿ ವಿಭಾಗದ್ದು, ಅದನ್ನು ಬಲ್ಲವರು ಒಬ್ಬರೇ. ಅವರ ಪಾಲಿನ ಲೆಕ್ಕ ಮಾಡಿ: 9 ದಿನ, ದಿನಕ್ಕೆ 6.5 ಗಂಟೆ, ಶೇಕಡಾ 80. ಸುಮಾರು 47. ಹಾಳೆಯ ಪ್ರಕಾರ ತಂಡ ಆರಾಮವಾಗಿದೆ, ಒಬ್ಬರ ಮೇಲೆ ಮಾತ್ರ ಸರಿಸುಮಾರು ಎರಡು ಪಟ್ಟು ಬಿದ್ದಿದೆ. ಜೊತೆಗೆ ಹೊಸಬರಿಗೆ ಕಲಿಸುವುದು, ಗ್ರಾಹಕರ ಕರೆಗೆ ‘ಸುಮ್ಮನೆ ಇರಿ ಸಾಕು’ ಎಂದು ಕೂರಿಸುವುದು, ‘ಐದು ನಿಮಿಷ ಬರುತ್ತೀರಾ’ ಎಂದು ಎಬ್ಬಿಸುವುದು ಎಲ್ಲವೂ ಅವರ ಪಾಲಿಗೇ. ಕೆಲಸ ಬಲ್ಲವರಿಗೆ ಕೆಲಸವೇ ಬಹುಮಾನ. ಸರಾಸರಿಯನ್ನು ನಂಬದೆ ಪ್ರತಿಯೊಬ್ಬರ ಹೆಸರಿನ ಮುಂದೆ ಪ್ರತ್ಯೇಕ ಲೆಕ್ಕ ಬರೆಯಬೇಕೆಂದು ನಾನು ಹಟ ಹಿಡಿಯುವುದು ಇದಕ್ಕಾಗಿ. ಮದ್ದು ನಿಧಾನದ್ದು: ಪಾವತಿಯ ಕೆಲಸವನ್ನು ಇಬ್ಬರು ಜೊತೆಯಾಗಿ ಮಾಡಬೇಕು, ಮೊದಲ ಸ್ಪ್ರಿಂಟ್‌ನಲ್ಲಿ ವೇಗ ಕುಗ್ಗುತ್ತದೆ ಎಂದು ಮುಂಚೆಯೇ ಗ್ರಾಹಕರಿಗೆ ತಿಳಿಸಬೇಕು.

ಒಬ್ಬರನ್ನು ಎರಡು ಪ್ರಾಜೆಕ್ಟ್‌ಗಳಿಗೆ ಅರ್ಧ ಅರ್ಧ ಹಂಚುವ ಅಭ್ಯಾಸವೂ ಇದೇ ಜಾತಿಯದು. ಎರಡರ ನಡುವೆ ಓಡಾಡುವುದರಲ್ಲೇ ಸುಮಾರು ಶೇಕಡಾ 20ರಷ್ಟು ಹೊತ್ತು, ಮೂರಾದರೆ 40ರಷ್ಟು ಕಳೆಯುತ್ತದೆ ಎಂಬುದು ಸಾಫ್ಟ್‌ವೇರ್ ಲೇಖಕ ಜೆರಾಲ್ಡ್ ವೈನ್‌ಬರ್ಗ್ ಕೊಟ್ಟ ಸ್ಥೂಲ ಅಂದಾಜು. ಅರ್ಧ ಎಂದು ಬರೆದ ಇಬ್ಬರು ಮ್ಯಾನೇಜರ್‌ಗಳೂ ಮನಸ್ಸಿನಲ್ಲಿ ಮುಕ್ಕಾಲು ಎಂದುಕೊಂಡಿರುತ್ತಾರೆ, ಅದು ಬೇರೆ.

ಗಂಟೆಗಳನ್ನು ಹಿಗ್ಗಿಸಿದರೆ?

ಮೊದಲ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ಮದ್ದುಗುಂಡು ಕಾರ್ಖಾನೆಗಳಲ್ಲಿ ಕೆಲಸಗಾರರ ಆರೋಗ್ಯ ಪರಿಶೀಲಿಸಲು ಒಂದು ಸಮಿತಿ ನೇಮಕವಾಗಿತ್ತು. ಅದು ಕಲೆಹಾಕಿದ ಅಂಕಿಅಂಶಗಳನ್ನು ಸ್ಟ್ಯಾನ್‌ಫರ್ಡ್‌ನ ಅರ್ಥಶಾಸ್ತ್ರಜ್ಞ ಜಾನ್ ಪೆನ್‌ಕವೆಲ್ 2014ರಲ್ಲಿ ಮತ್ತೆ ಜಾಲಾಡಿದರು. ವಾರಕ್ಕೆ ಸುಮಾರು 50 ಗಂಟೆ ದಾಟಿದ ಮೇಲೆ ಪ್ರತಿ ಹೆಚ್ಚುವರಿ ಗಂಟೆಯ ಫಲ ಕುಗ್ಗುತ್ತಾ ಹೋಗಿತ್ತು. 70 ಗಂಟೆ ದುಡಿದವರ ಉತ್ಪನ್ನಕ್ಕೂ 56 ಗಂಟೆ ದುಡಿದವರ ಉತ್ಪನ್ನಕ್ಕೂ ಹೆಚ್ಚು ವ್ಯತ್ಯಾಸವಿರಲಿಲ್ಲ. ಯುವಜನ ವಾರಕ್ಕೆ 70 ಗಂಟೆ ದುಡಿಯಬೇಕೆಂಬ ಇನ್ಫೋಸಿಸ್‌ನ ನಾರಾಯಣಮೂರ್ತಿಯವರ ಮಾತು 2023ರಲ್ಲಿ ಚರ್ಚೆಯಾದಾಗ ಈ ಹಳೆಯ ಲೆಕ್ಕವೂ ಮುಂದೆ ಬರಬೇಕಿತ್ತು. ಆರೋಗ್ಯದ ಲೆಕ್ಕ ಬೇರೆ: ವಾರಕ್ಕೆ 55 ಗಂಟೆ ಅಥವಾ ಹೆಚ್ಚು ದುಡಿಯುವವರಿಗೆ 35ರಿಂದ 40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ ಶೇಕಡಾ 35ರಷ್ಟು ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಅಂದಾಜಿಸಿದವು.

ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ 1961ರ ಕಾಯ್ದೆ ದಿನಕ್ಕೆ 9, ವಾರಕ್ಕೆ 48 ಗಂಟೆಯ ಮಿತಿ ಹಾಕಿತು. ಹೆಚ್ಚುವರಿ ದುಡಿಮೆ ಸೇರಿದರೂ ಸಾಮಾನ್ಯವಾಗಿ ದಿನಕ್ಕೆ 10 ಮೀರಬಾರದು, ಮೂರು ತಿಂಗಳಲ್ಲಿ ಹೆಚ್ಚುವರಿ ದುಡಿಮೆ 50 ಗಂಟೆ ದಾಟಬಾರದು ಎಂದಿತು. ದಿನಕ್ಕೆ 12 ಗಂಟೆಗೂ ಮೀರಿ ದುಡಿಸಲು ಅವಕಾಶ ಕೊಡುವ ತಿದ್ದುಪಡಿಯ ಪ್ರಸ್ತಾವ 2024ರಲ್ಲಿ ಬಂದಾಗ ಐಟಿ ನೌಕರರ ಸಂಘಟನೆ ಬೀದಿಗಿಳಿಯಿತು. ಆದರೆ ಬೆಂಗಳೂರಿನ ತಂಡಗಳಲ್ಲಿ ಮಿತಿ ಮುರಿಯುವುದು ಸದ್ದಿಲ್ಲದೆ. ಕ್ಯಾಲಿಫೋರ್ನಿಯಾದ ಬೆಳಗಿನ 8 ಗಂಟೆ ಅಲ್ಲಿನ ಬೇಸಿಗೆಯಲ್ಲಿ ನಮ್ಮ ರಾತ್ರಿ 8.30, ಚಳಿಗಾಲದಲ್ಲಿ 9.30. ಬೆಳಗ್ಗೆ ಹತ್ತಕ್ಕೆ ಕೆಲಸ ಶುರು ಮಾಡಿದವರು ರಾತ್ರಿಯ ಕರೆಗೂ ಕೂರುತ್ತಾರೆ, ಹಾಜರಿ ಹಾಳೆಯಲ್ಲಿ ಎಂಟು ಗಂಟೆ ಎಂದೇ ತುಂಬುತ್ತಾರೆ. ಆ ಹಾಳೆಯನ್ನು ನೋಡಿ ಹೊರೆ ಅಳೆದರೆ ಏನೂ ಸಿಗದು. ರಾತ್ರಿ ಕರೆ ಇದ್ದ ದಿನ ಬೆಳಗಿನ ಭಾಗವನ್ನು ಸಾಮರ್ಥ್ಯದಿಂದ ಕಳೆಯುವುದು ನೇರವಾದ ಕ್ರಮ.

ಕೈಗೆ ಸಿಗುವ ಹಿಡಿಗಳು

ಜನರನ್ನು ಸೇರಿಸುವುದು ಎಲ್ಲರಿಗೂ ಮೊದಲು ಹೊಳೆಯುವ ಉಪಾಯ. ಐಬಿಎಂನ ಸಿಸ್ಟಮ್ 360ರ ಆಪರೇಟಿಂಗ್ ಸಿಸ್ಟಮ್ ನಿರ್ಮಾಣವನ್ನು ಮುನ್ನಡೆಸಿದ್ದ ಫ್ರೆಡ್ ಬ್ರೂಕ್ಸ್, ತಡವಾದ ಸಾಫ್ಟ್‌ವೇರ್ ಪ್ರಾಜೆಕ್ಟಿಗೆ ಜನ ಸೇರಿಸಿದರೆ ಇನ್ನೂ ತಡವಾಗುತ್ತದೆ ಎಂದು 1975ರಲ್ಲಿ ಬರೆದರು. ಆರು ಜನರ ನಡುವೆ ಮಾತುಕತೆಯ ಜೋಡಿಗಳು 15, ಒಂಬತ್ತು ಜನರಾದರೆ 36. ಹೊಸ ಮೂವರಿಗೆ ಕಲಿಸುವವರು ಯಾರು? ಪಾವತಿ ವಿಭಾಗ ಬಲ್ಲ ಅದೇ ವ್ಯಕ್ತಿ.

ಉಳಿದದ್ದು ಕೆಲಸದ ವ್ಯಾಪ್ತಿ ಮತ್ತು ಗಡುವು. ಪರೀಕ್ಷೆಯಲ್ಲಿ ತಪ್ಪದೆ ಬರುವ ಭೇದ ಇದು: ರಿಸೋರ್ಸ್ ಲೆವೆಲಿಂಗ್‌ನಲ್ಲಿ ಅತಿಹೊರೆ ಇಳಿಸಲು ಕೆಲಸಗಳನ್ನು ಮುಂದೂಡುತ್ತೇವೆ, ಕೊನೆಯ ದಿನಾಂಕ ಸರಿದರೂ ಸರಿ, ಸ್ಮೂದಿಂಗ್‌ನಲ್ಲಿ ಕೆಲಸಕ್ಕಿರುವ ಫ್ಲೋಟ್ (ಕೊನೆಯ ದಿನಾಂಕ ಕೆಡದಂತೆ ಕೆಲಸವನ್ನು ತಡಮಾಡಬಹುದಾದ ಬಿಡುವು) ಒಳಗಷ್ಟೇ ಸರಿಸುತ್ತೇವೆ, ದಿನಾಂಕ ಅಲುಗುವುದಿಲ್ಲ. ವ್ಯಾಪ್ತಿಯ ವಿಷಯಕ್ಕೆ ಒಂದೇ ಪ್ರಶ್ನೆ ಸಾಕು, ಅದನ್ನು ದನಿ ಏರಿಸದೆ ಕೇಳಬೇಕು: ‘ಇದನ್ನು ಸೇರಿಸುತ್ತೇವೆ, ಯಾವುದನ್ನು ತೆಗೆಯೋಣ?’ ಎಲ್ಲವೂ ಮುಖ್ಯ ಎಂಬ ಉತ್ತರ ಬಂದರೆ ಲೆಕ್ಕದ ಹಾಳೆ ತೆರೆದು 218ನ್ನು ತೋರಿಸುವುದು.

ತುರ್ತು ಸೇವೆಯ ತಂಡಗಳಿಗೆ ಗೂಗಲ್‌ನ ಪ್ರಕಟಿತ ಪದ್ಧತಿ ಉಪಯುಕ್ತ ಮಾದರಿ. ಅಲ್ಲಿನ ಎಸ್‌ಆರ್‌ಇ (ಸೈಟ್ ರಿಲಯಬಿಲಿಟಿ ಎಂಜಿನಿಯರಿಂಗ್, ಸೇವೆಗಳು ನಿಲ್ಲದಂತೆ ನೋಡಿಕೊಳ್ಳುವ) ತಂಡಗಳಲ್ಲಿ ನಿರ್ವಹಣೆಯ ಕೆಲಸಕ್ಕೆ ಶೇಕಡಾ 50ರ ಮಿತಿ, 12 ಗಂಟೆಯ ಪಾಳಿಯೊಂದಕ್ಕೆ ಹೆಚ್ಚೆಂದರೆ ಎರಡು ಘಟನೆ. ಮಿತಿ ಮೀರಿದರೆ ಹೊರೆಯನ್ನು ಆ ಉತ್ಪನ್ನ ಕಟ್ಟಿದ ಡೆವಲಪರ್‌ಗಳಿಗೇ ತಿರುಗಿಸಬಹುದು. ನನಗೆ ಇಷ್ಟವಾಗುವುದು ಈ ಕೊನೆಯ ಭಾಗ: ನೋವು ಅದನ್ನು ಸೃಷ್ಟಿಸಿದವರಿಗೇ ತಲುಪುತ್ತದೆ.

ಅಭ್ಯಾಸಕ್ಕೆ

ನಾಲ್ವರ ತಂಡ, ಹತ್ತು ದಿನ, ಒಬ್ಬರಿಗೆ ಎರಡು ದಿನ ರಜೆ, ಸಭೆಗಳಿಗೆ ದಿನಕ್ಕೆ ಒಂದು ಗಂಟೆ, ತುಂಬುವ ಮಿತಿ ಶೇಕಡಾ 80. ಬೇಡಿಕೆ 200 ಗಂಟೆ. ಅದರಲ್ಲಿ 70 ಗಂಟೆಯದ್ದು ಡೇಟಾಬೇಸ್ ಬಲ್ಲ ಒಬ್ಬರಿಂದಲೇ ಆಗಬೇಕು, ಅವರು ರಜೆಯಲ್ಲಿಲ್ಲ. ತಂಡದ ಸಾಮರ್ಥ್ಯ 38 ಗುಣಿಸು 7 ಗುಣಿಸು 0.8, ಅಂದರೆ ಸುಮಾರು 213, ಮೇಲ್ನೋಟಕ್ಕೆ ಸಾಕು. ಆ ಒಬ್ಬರದ್ದು 56. ಕೊರತೆ 14 ಗಂಟೆ. ಡೇಟಾಬೇಸ್ ಕೆಲಸಗಳಲ್ಲಿ ಫ್ಲೋಟ್ ಇರುವುದನ್ನು ಮುಂದಿನ ಸ್ಪ್ರಿಂಟ್‌ಗೆ ಸರಿಸಿದರೆ ಸ್ಮೂದಿಂಗ್, ಯಾವುದಕ್ಕೂ ಫ್ಲೋಟ್ ಇಲ್ಲದಿದ್ದರೆ ಲೆವೆಲಿಂಗ್ ಅಥವಾ ವ್ಯಾಪ್ತಿಯ ಕಡಿತ. ಆ 14 ಗಂಟೆಯನ್ನು ಶನಿವಾರ, ಭಾನುವಾರಕ್ಕೆ ಹೊಂದಿಸಿ ಬರೆದ ಉತ್ತರಕ್ಕೆ ಅಂಕವಿಲ್ಲ.