ಫಲಕದ ಈಚೆ ವಿಹಾರ, ಆಚೆ ಅಪರಾಧ: ಅಮೆರಿಕದ ಬಯಲು ಮದ್ಯವಲಯಗಳ ಹಿನ್ನೆಲೆ

ಅಮೆರಿಕದ ಓಹಾಯೊ ರಾಜ್ಯದಲ್ಲಿ ‘ಡೋರಾ’, ಅಂದರೆ ಬಯಲಲ್ಲೇ ಮದ್ಯ ಕುಡಿಯಬಹುದಾದ ವಲಯ, ಎಂದು ಘೋಷಿತವಾದ ಪೇಟೆಬೀದಿಯ ಬಾರ್‌ನಲ್ಲಿ ಬಿಯರ್ ಕೊಂಡವರು ಅದನ್ನು ಹಿಡಿದುಕೊಂಡೇ ಹೊರಗೆ ಬರಬಹುದು. ಕೈಯಲ್ಲಿರುವುದು ಗಾಜಿನ ಲೋಟವಲ್ಲ, ಪ್ಲಾಸ್ಟಿಕ್ಕಿನದು. ಅಂಗಡಿ ಸಾಲಿನ ಮುಂದೆ ಅಡ್ಡಾಡಲು, ಬೆಂಚಿನ ಮೇಲೆ ಕೂತು ಗುಟುಕರಿಸಲು ಅಡ್ಡಿಯಿಲ್ಲ. ಆದರೆ ವಲಯ ಮುಗಿಯಿತೆಂದು ಸಾರುವ ಫಲಕವನ್ನು ದಾಟುವ ಮೊದಲು ಲೋಟ ಬರಿದಾಗಬೇಕು, ಇಲ್ಲವೇ ಕಸದ ಡಬ್ಬಿ ಸೇರಬೇಕು. ಆಚೆಗೆ ಎರಡು ಹೆಜ್ಜೆ ಇಟ್ಟರೆ ಅದೇ ಬಿಯರ್ ಅಪರಾಧ.

ಇಂಥ ಗೆರೆ ಎಳೆಯುವ ಅಧಿಕಾರ ನಗರಗಳಿಗೆ ತಾನಾಗಿಯೇ ಬಂದದ್ದಲ್ಲ. 1933ರ ಡಿಸೆಂಬರ್‌ನಲ್ಲಿ ಸಂವಿಧಾನದ 21ನೇ ತಿದ್ದುಪಡಿಯು ದೇಶವ್ಯಾಪಿ ಪಾನನಿಷೇಧವನ್ನು ಕೊನೆಗೊಳಿಸಿದಾಗ ಮದ್ಯದ ಮೇಲಿನ ಹಿಡಿತ ಬಹುಪಾಲು ರಾಜ್ಯಗಳ ಕೈಗೆ ಹೋಯಿತು. ಬಾರ್‌ನ ಸನ್ನದು ಕೊಡುವುದು, ಮಾರಿದ ಮದ್ಯವನ್ನು ಯಾವ ಆವರಣದೊಳಗೆ ಕುಡಿಯಬೇಕೆಂದು ನಿಗದಿಪಡಿಸುವುದು ಸಾಮಾನ್ಯವಾಗಿ ರಾಜ್ಯದ ಕಾನೂನು. ಹಾಗಾಗಿ ಒಂದು ಬೀದಿಯನ್ನು ಕುಡಿಯುವವರಿಗೆ ತೆರೆದಿಡಬೇಕೆಂದು ನಗರಸಭೆ ಬಯಸಿದರೂ ಬಹಳಷ್ಟು ಕಡೆ ಮೊದಲು ರಾಜ್ಯದ ಶಾಸನಸಭೆಯೇ ದಾರಿ ಮಾಡಿಕೊಡಬೇಕಾಗುತ್ತದೆ.

ಬೀದಿಯಲ್ಲಿ ಕುಡಿಯುವುದನ್ನೇ ನೇರವಾಗಿ ನಿಷೇಧಿಸುವ ಕಾನೂನುಗಳು ಪಾನನಿಷೇಧದ ಕಾಲದ ಪಳೆಯುಳಿಕೆಗಳೆಂದು ಹಲವರು ಭಾವಿಸುತ್ತಾರೆ. ವಾಸ್ತವದಲ್ಲಿ ಅವುಗಳಲ್ಲಿ ಹೆಚ್ಚಿನವು ಅದಕ್ಕಿಂತ ಎಷ್ಟೋ ಈಚಿನವು. ಅಲ್ಲಿಯವರೆಗೆ ಪೊಲೀಸರಿಗೆ ಅವುಗಳ ಅಗತ್ಯವೇ ಇರಲಿಲ್ಲ. ಅಲೆಮಾರಿತನ ಮತ್ತು ಬಹಿರಂಗ ಅಮಲಿನ ಹಳೆಯ ಕಾನೂನುಗಳಡಿ ಯಾರನ್ನು ಬೇಕಾದರೂ ಹಿಡಿದು ಒಳಗೆ ಹಾಕಬಹುದಿತ್ತು. 1965ರಲ್ಲಿ ದೇಶದಲ್ಲಿ ನಡೆದ ಸುಮಾರು 20 ಲಕ್ಷ ಬಂಧನಗಳಿಗೆ, ಅಂದರೆ ಪ್ರತಿ ಮೂರರಲ್ಲಿ ಒಂದಕ್ಕೆ, ಸಾರ್ವಜನಿಕ ಸ್ಥಳದಲ್ಲಿ ಅಮಲೇರಿದ್ದುದೇ ಕಾರಣವೆಂದು ಅಧ್ಯಕ್ಷರು ನೇಮಿಸಿದ್ದ ಅಪರಾಧ ಆಯೋಗ 1967ರಲ್ಲಿ ವರದಿ ಮಾಡಿತು. ಕುಡಿತದ ಚಟ ರೋಗವೇ ಹೊರತು ಅಪರಾಧವಲ್ಲ ಎಂಬ ನಿಲುವು ಬಲಗೊಂಡು, 1971ರ ಮಾದರಿ ಕಾಯ್ದೆಯೊಂದನ್ನು ಅನುಸರಿಸಿ ಹಲವು ರಾಜ್ಯಗಳು ಅಮಲಿಗಾಗಿ ಜೈಲಿಗೆ ಕಳಿಸುವುದನ್ನು ಬಿಟ್ಟವು. ಮರುವರ್ಷ ಸುಪ್ರೀಂ ಕೋರ್ಟ್, ಫ್ಲಾರಿಡಾದ ಜಾಕ್ಸನ್‌ವಿಲ್ ನಗರದ ಅಲೆಮಾರಿತನದ ಕಾನೂನು ಅಸ್ಪಷ್ಟವಾಗಿದೆ ಎಂಬ ಕಾರಣಕ್ಕೆ ಅದನ್ನು ರದ್ದುಪಡಿಸಿತು.

ಆಗ ನಗರಗಳು ಹಿಡಿದ ಬದಲಿ ದಾರಿ, ಬೀದಿಯಲ್ಲಿ ತೆರೆದ ಮದ್ಯದ ಬಾಟಲಿಯನ್ನೇ ನಿಷೇಧಿಸುವುದು. ಷಿಕಾಗೊ 1953ರಲ್ಲಿಯೇ ಇಂಥ ನಿಯಮ ತಂದಿತ್ತು. ನ್ಯೂಯಾರ್ಕ್ ತಂದದ್ದು 1979ರಲ್ಲಿ. ಮಧ್ಯಾಹ್ನದ ಊಟದ ಜೊತೆ ಬಿಯರ್ ಕುಡಿಯುವ ವಿದ್ಯುತ್ ಕಂಪನಿಯ ಕೆಲಸಗಾರನನ್ನು ಪೊಲೀಸರು ಹಿಡಿಯಲಿ ಎಂಬುದು ಉದ್ದೇಶವಲ್ಲ ಎಂದು ಆ ವೇಳೆ ನ್ಯೂಯಾರ್ಕ್ ನಗರಸಭೆಯ ಸದಸ್ಯರೊಬ್ಬರು ಹೇಳಿದ್ದರು. ಹಾಗಾದರೆ ಯಾರನ್ನು ಹಿಡಿಯುವುದು ಎಂಬುದಕ್ಕೆ ಉತ್ತರ ಸಿಕ್ಕಿದ್ದು ಮೂರು ದಶಕಗಳ ಬಳಿಕ. 2012ರಲ್ಲಿ ಬ್ರೂಕ್ಲಿನ್‌ನ ನ್ಯಾಯಾಧೀಶರೊಬ್ಬರು ತಮ್ಮ ಸಿಬ್ಬಂದಿಯಿಂದ ಒಂದು ತಿಂಗಳ ಸಮನ್ಸ್‌ಗಳನ್ನು ಪರಿಶೀಲಿಸಿದಾಗ, ಬೀದಿಯಲ್ಲಿ ಕುಡಿದದ್ದಕ್ಕೆ ಸಮನ್ಸ್ ಪಡೆದವರಲ್ಲಿ ಶೇ 85ರಷ್ಟು ಮಂದಿ ಕಪ್ಪು ಅಥವಾ ಲ್ಯಾಟಿನೊ ಸಮುದಾಯದವರು, ಬಿಳಿಯರು ಕೇವಲ ಶೇ 4ರಷ್ಟು ಎಂದು ತಿಳಿಯಿತು.

ಈ ನಿಷೇಧಕ್ಕೆ ಒಳಪಡದ ಊರುಗಳೂ ಇದ್ದವು. ನ್ಯೂ ಆರ್ಲಿಯನ್ಸ್‌ನ ಫ್ರೆಂಚ್ ಕ್ವಾರ್ಟರ್‌ನಲ್ಲಿ ‘ಗೋ ಕಪ್’ (ಬಾರ್‌ನಿಂದ ಹೊರಗೆ ಒಯ್ಯುವ ಮದ್ಯದ ಲೋಟ) ಹಿಡಿದು ನಡೆಯುವುದು ಊರಿನ ಗುರುತೇ ಆಗಿತ್ತು. ಜಾರ್ಜಿಯಾದ ಸವಾನಾ ನಗರವೂ ತನ್ನ ಐತಿಹಾಸಿಕ ಭಾಗದಲ್ಲಿ 16 ಔನ್ಸ್ (ಸುಮಾರು 470 ಮಿ.ಲೀ.) ಮೀರದ ಪ್ಲಾಸ್ಟಿಕ್ ಲೋಟಕ್ಕೆ ಅವಕಾಶ ಕೊಟ್ಟಿತ್ತು. ಪ್ರವಾಸಿಗರ ಹಣ ಕಂಡ ಇತರ ನಗರಗಳಿಗೆ ಇದೇ ಆಸೆ ಹುಟ್ಟಿಸಿತು.

ಆ ಆಸೆಗೆ ಕಾನೂನಿನ ಚೌಕಟ್ಟು ಕೊಟ್ಟದ್ದರಲ್ಲಿ 2015ರ ಓಹಾಯೊ ಕಾಯ್ದೆಗೆ ಮಹತ್ವದ ಸ್ಥಾನವಿದೆ. ಅದರ ಬಿಗಿ ಗಮನಾರ್ಹ: ವಲಯ ಘೋಷಿಸುವ ನಗರ ಅದರ ಗಡಿ, ಫಲಕಗಳ ಸಂಖ್ಯೆ ಮತ್ತು ಅಂತರ, ಕುಡಿಯುವ ವೇಳೆ, ಭದ್ರತೆಗೆ ಬೇಕಾದ ಸಿಬ್ಬಂದಿ, ಕಸ ವಿಲೇವಾರಿಯ ಯೋಜನೆ ಇಷ್ಟನ್ನೂ ಬರೆದಿಡಬೇಕು. ನನ್ನ ಮಟ್ಟಿಗೆ, ಇದು ಬಿಡುಗಡೆಯ ಕಾನೂನು ಎನ್ನುವುದಕ್ಕಿಂತ ಬಾರ್‌ನ ಗೋಡೆಯನ್ನು ಬೀದಿಯ ಕೊನೆಗೆ ಸರಿಸಿಟ್ಟ ಕಾನೂನು.

ಕೋವಿಡ್ ಬಂದ ಮೇಲೆ ವೇಗ ಹೆಚ್ಚಿತು. ಒಳಗೆ ಗ್ರಾಹಕರನ್ನು ಕೂರಿಸಲಾಗದ ಬಾರ್‌ಗಳನ್ನು ಉಳಿಸಲು ಮಿಷಿಗನ್ 2020ರ ಜುಲೈನಲ್ಲಿ ಇಂಥದೇ ವಲಯಗಳಾದ ‘ಸೋಷಿಯಲ್ ಡಿಸ್ಟ್ರಿಕ್ಟ್’ಗಳಿಗೆ ಒಪ್ಪಿಗೆ ನೀಡಿತು, ಮರುವರ್ಷ ನಾರ್ತ್ ಕೆರೊಲಿನಾ ಅದೇ ಹಾದಿ ಹಿಡಿಯಿತು. ಕ್ಯಾಲಿಫೋರ್ನಿಯಾದ್ದು ಬೇರೆ ತಕರಾರು. ಅಲ್ಲಿ ಬೀದಿ ಉತ್ಸವ ನಡೆದಾಗ ತಾತ್ಕಾಲಿಕ ಪರವಾನಗಿ ಪಡೆದು ಹೊರಗಿನಿಂದ ಬಂದವರು ಬಿಯರ್ ಮಾರುತ್ತಿದ್ದರು. ಬಾಡಿಗೆ ಕಟ್ಟಿ ಅದೇ ಬೀದಿಯಲ್ಲಿರುವ ಬಾರ್‌ನವರ ಲೋಟ ಮಾತ್ರ ಹೊಸ್ತಿಲು ದಾಟುವಂತಿರಲಿಲ್ಲ. ಕಚೇರಿಗಳು ಖಾಲಿಯಾಗಿ ಸೊರಗಿದ್ದ ಸ್ಯಾನ್ ಫ್ರಾನ್ಸಿಸ್ಕೊಗೆ 2023ರಲ್ಲಿ ವಿನಾಯಿತಿ ಸಿಕ್ಕಿತು, 2024ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ಫ್ರಂಟ್ ಸ್ಟ್ರೀಟ್ ಬಿಯರ್ ಹಬ್ಬವಾದ ಅಕ್ಟೋಬರ್‌ಫೆಸ್ಟ್‌ನೊಂದಿಗೆ ತೆರೆದುಕೊಂಡಿತು. 2025ರ ಜನವರಿ 1ರಿಂದ ಆ ಅವಕಾಶ ಇಡೀ ರಾಜ್ಯಕ್ಕೆ ಹಬ್ಬಿದೆ.

ಮದ್ಯದ ಹಾನಿಯ ವಿರುದ್ಧ ಕೆಲಸ ಮಾಡುವ ಸಂಘಟನೆಗಳು ಇದನ್ನು ವಿರೋಧಿಸಿವೆ. ಕುಡಿಯುವ ಜಾಗ ಹಿಗ್ಗಿದಷ್ಟೂ ಕುಡಿತವೂ ಹಿಗ್ಗುತ್ತದೆ ಎಂಬುದು ಅವರ ಆತಂಕ. ಅಷ್ಟೇ ತೂಕದ ಇನ್ನೊಂದು ಪ್ರಶ್ನೆ ಅಷ್ಟಾಗಿ ಚರ್ಚೆಗೆ ಬಂದಿಲ್ಲ. ನಾರ್ತ್ ಕೆರೊಲಿನಾದ ವಲಯದಲ್ಲಿ ಹೊರಗೆ ಒಯ್ಯುವ ಲೋಟದ ಮೇಲೆ ಮಾರಿದ ಬಾರ್‌ನ ಗುರುತು ಇರಲೇಬೇಕು. ಅದೇ ಬೆಂಚಿನ ಮೇಲೆ ಕೂತು, ದಿನಸಿ ಅಂಗಡಿಯಿಂದ ಅಗ್ಗಕ್ಕೆ ತಂದ ಬಿಯರ್ ಡಬ್ಬಿ ತೆರೆದವರಿಗೆ ಈ ಕಾನೂನಿನಿಂದ ಸಿಕ್ಕಿದ್ದು ಏನೂ ಇಲ್ಲ.